ಕರಗುವ ಬಲೆ

ಬಹಳ ದಿನ ಓಡಿದ ಸೈಕಲ್ಲಿನ ಟೈರು ಎಲ್ಲ ಕಡೆಯೂ ಒಂದೇ ಸಮನೆ ಸವೆಯುವುದಿಲ್ಲ. ಯಾವುದೋ ಒಂದು ಜಾಗದಲ್ಲಿ ಅದು ತೆಳುವಾಗುತ್ತದೆ. ಒಳಗಿನ ಟ್ಯೂಬಿಗೆ ಗಾಳಿ ತುಂಬಿದೊಡನೆ ಅದು ಆ ತೆಳುವಾದ ಜಾಗವನ್ನು ಹುಡುಕಿಕೊಂಡು ಬಂದಂತೆ ಅಲ್ಲಿಯೇ ಗುಳ್ಳೆಯಾಗಿ ಹೊರಕ್ಕೆ ಉಬ್ಬುತ್ತದೆ. ಇಲ್ಲಿ ತಪ್ಪು ಟ್ಯೂಬಿನದಲ್ಲ, ಟೈರಿನದು. ರಿಪೇರಿ ಅಂಗಡಿಯವನು ಟ್ಯೂಬನ್ನು ಒಳಕ್ಕೆ ಸರಿಸಿ, ಟೈರಿನ ಒಳಮೈಗೆ ಹಳೆಯ ಟೈರಿನ ತುಂಡೊಂದನ್ನು ಒತ್ತಾಗಿ ಇಟ್ಟು, ಚಕ್ರವನ್ನು ಮತ್ತೆ ಓಡುವಂತೆ ಮಾಡುತ್ತಾನೆ. ಮನುಷ್ಯನ ಹೊಟ್ಟೆಯಲ್ಲಿಯೂ ಇದೇ ಬಗೆಯ ತೊಂದರೆ ಕಾಣಿಸಿಕೊಳ್ಳುವುದುಂಟು. ಅದಕ್ಕೆ ಹರ್ನಿಯಾ ಎಂದು ಹೆಸರು.

ಹೊಟ್ಟೆಯ ಗೋಡೆ ಎಲುಬಿನಿಂದ ಆದುದಲ್ಲ. ಎದೆಗೆ ಪಕ್ಕೆಲುಬುಗಳ ಪಂಜರವಿದೆ, ತಲೆಗೆ ಬುರುಡೆಯಿದೆ. ಹೊಟ್ಟೆಗೆ ಮಾತ್ರ ಸ್ನಾಯುಗಳ ಪದರಗಳೂ ಅವುಗಳನ್ನು ಬಿಗಿದಿರುವ ಬಿಳಿಯ ಗಟ್ಟಿ ಪೊರೆಗಳೂ ರಕ್ಷಣೆ ನೀಡುತ್ತವೆ. ಕೆಮ್ಮುವಾಗ, ಸೀನುವಾಗ, ಭಾರ ಎತ್ತುವಾಗ ಹೊಟ್ಟೆಯೊಳಗಿನ ಒತ್ತಡ ಥಟ್ಟನೆ ಏರುತ್ತದೆ. ಆರೋಗ್ಯವಂತನೊಬ್ಬ ನಿಂತಲ್ಲಿಯೇ ನೆಗೆದಾಗ ಆ ಒತ್ತಡ 150 ಮಿಲಿಮೀಟರ್ ಪಾದರಸದ ಮಟ್ಟವನ್ನೂ ಮೀರುವುದುಂಟು. ಗೋಡೆಯಲ್ಲಿ ದುರ್ಬಲವಾದ ಜಾಗವಿದ್ದರೆ ಒಳಗಿನ ಕೊಬ್ಬೋ ಕರುಳಿನ ಸುರುಳಿಯೋ ಅಲ್ಲಿಂದ ಹೊರಕ್ಕೆ ನುಗ್ಗಿ ಚರ್ಮದ ಕೆಳಗೆ ಗಂಟಿನಂತೆ ಉಬ್ಬಿ ನಿಲ್ಲುತ್ತದೆ. ಹೊಕ್ಕುಳು, ಹಿಂದೆ ಶಸ್ತ್ರಚಿಕಿತ್ಸೆಯಾದ ಗಾಯದ ಕಲೆ, ತೊಡೆಯ ಸಂದು, ಇವು ಇಂತಹ ದುರ್ಬಲ ಸ್ಥಳಗಳು. ಇವುಗಳಲ್ಲಿ ತೊಡೆಯ ಸಂದಿನ ಹರ್ನಿಯಾವೇ ಅತಿ ಸಾಮಾನ್ಯ. ಗಂಡು ಶಿಶು ತಾಯಿಯ ಗರ್ಭದಲ್ಲಿರುವಾಗ ಅದರ ವೃಷಣಗಳು ಹೊಟ್ಟೆಯೊಳಗೆ ಹುಟ್ಟಿ, ಅನಂತರ ತೊಡೆಯ ಸಂದಿನ ಒಂದು ಓರೆಯಾದ ಕಾಲುವೆಯ ಮೂಲಕ ಕೆಳಗಿಳಿಯುತ್ತವೆ. ಆ ಕಾಲುವೆ ಮುಚ್ಚಿದರೂ ಆ ಜಾಗ ಜೀವಮಾನವಿಡೀ ತುಸು ಬಲಹೀನವಾಗಿಯೇ ಉಳಿಯುತ್ತದೆ. ನಾಲ್ವರು ಗಂಡಸರಲ್ಲಿ ಒಬ್ಬನಿಗಾದರೂ ಬದುಕಿನ ಯಾವುದಾದರೊಂದು ಕಾಲದಲ್ಲಿ ಈ ತೊಂದರೆ ಬರುತ್ತದೆಂದು ಲೆಕ್ಕ ಹಾಕಲಾಗಿದೆ. ಜಗತ್ತಿನಲ್ಲಿ ವರ್ಷವೊಂದಕ್ಕೆ ಎರಡು ಕೋಟಿಗೂ ಹೆಚ್ಚು ಮಂದಿಗೆ ಇದಕ್ಕಾಗಿ ಶಸ್ತ್ರಚಿಕಿತ್ಸೆ ನಡೆಯುತ್ತದೆ.

ಈ ರೋಗ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಇದನ್ನು ಅಂತ್ರವೃದ್ಧಿಯೆಂದು ಕರೆದು, ಭಾರ ಹೊರುವುದು, ತನಗಿಂತ ಬಲಶಾಲಿಯೊಡನೆ ಸೆಣಸುವುದು, ಮರದಿಂದ ಬೀಳುವುದು ಮುಂತಾದವನ್ನು ಕಾರಣಗಳಾಗಿ ಹೇಳಿದೆ. ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಗಳನ್ನು ಕಂಡವರಿಗೆ ಆ ಪಟ್ಟಿಯ ಮೊದಲ ಕಾರಣವನ್ನು ವಿವರಿಸಬೇಕಾಗಿಲ್ಲ. ಅನೇಕರು ನಾಚಿಕೆಯಿಂದಲೋ ಭಯದಿಂದಲೋ ಈ ಗಂಟನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುತ್ತಾರೆ. ಮಲಗಿದಾಗ ಗಂಟು ತಾನಾಗಿಯೇ ಒಳಕ್ಕೆ ಹೋಗುವುದರಿಂದ ಅದು ವಾಸಿಯಾದೀತೆಂಬ ಆಸೆಯೂ ಇರುತ್ತದೆ. ಆದರೆ ಅದು ಔಷಧಿಯಿಂದ ಗುಣವಾಗುವ ಕಾಯಿಲೆಯಲ್ಲ. ಒಂದು ದಿನ ಹೊರಬಂದ ಕರುಳು ಕಿರಿದಾದ ಬಾಯಿಯಲ್ಲಿ ಸಿಕ್ಕಿಕೊಂಡು, ಅದರ ರಕ್ತಸಂಚಾರ ನಿಂತರೆ ಕರುಳು ಕೊಳೆಯತೊಡಗುತ್ತದೆ. ಆಗ ಕೆಲವೇ ಗಂಟೆಗಳೊಳಗೆ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಅಪಾಯ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೂ ವೈದ್ಯರು ರೋಗಿಯ ಸೊಂಟಕ್ಕೆ ಬಿಗಿಯಾದ ಪಟ್ಟಿಯನ್ನು ಕಟ್ಟಿ ಗಂಟನ್ನು ಒಳಗೆ ತಡೆದಿಡುವುದಕ್ಕಿಂತ ಹೆಚ್ಚಿನದನ್ನು ಮಾಡಲಾರದವರಾಗಿದ್ದರು. ಈ ಸ್ಥಿತಿಯನ್ನು ಬದಲಿಸಿದವನು ಇಟಲಿಯ ಎಡೊವಾರ್ಡೊ ಬಾಸ್ಸಿನಿ. ಆತ ವೈದ್ಯ ಪದವಿ ಪಡೆದ ಮೇಲೆ ಗ್ಯಾರಿಬಾಲ್ಡಿಯ ಪಕ್ಷದ ಸೈನಿಕನಾಗಿ ಹೋರಾಡುತ್ತಿದ್ದಾಗ 1867ರಲ್ಲಿ ಶತ್ರುವಿನ ಬಂದೂಕದ ಸನೀನು ಅವನ ತೊಡೆಯ ಸಂದನ್ನೇ ಇರಿಯಿತು. ಕರುಳಿಗೆ ಗಾಯವಾಗಿ ಆತ ಬಹಳ ಕಾಲ ನರಳಿ ಬದುಕಿಕೊಂಡ. ಮುಂದೆ ಪಾದುವಾ ನಗರದಲ್ಲಿ ಪ್ರಾಧ್ಯಾಪಕನಾದಾಗ ಅವನು ದೇಹದ ಅದೇ ಭಾಗದ ರಚನೆಯನ್ನು ಪದರ ಪದರವಾಗಿ ಅಭ್ಯಾಸ ಮಾಡಿದ. 1884ರಲ್ಲಿ ಅವನು ಮೊದಲ ಬಾರಿಗೆ, ಸ್ನಾಯುವಿನ ಅಂಚನ್ನು ಕೆಳಕ್ಕೆಳೆದು ತೊಡೆಯ ಸಂದಿನ ಗಟ್ಟಿಯಾದ ತಂತುವಿಗೆ ರೇಷ್ಮೆಯ ದಾರದಿಂದ ಹೊಲಿದು ಕಾಲುವೆಯ ಹಿಂಗೋಡೆಯನ್ನು ಹೊಸದಾಗಿ ಕಟ್ಟಿದ. ಮುಂದಿನ ಸುಮಾರು ನೂರು ವರ್ಷಗಳ ಕಾಲ ನಡೆದ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚಿನವು ಈ ವಿಧಾನದ ಸಂತತಿಗಳೇ.

ಆದರೂ ಇದರಲ್ಲಿ ಒಂದು ಕೊರತೆಯಿತ್ತು. ಸವೆದು ಹರಿದ ಪಂಚೆಯ ಎರಡು ಅಂಚುಗಳನ್ನು ಎಳೆದು ತಂದು ಹೊಲಿದರೆ ಹೊಲಿಗೆಯ ಪಕ್ಕದಲ್ಲಿಯೇ ಅದು ಮತ್ತೆ ಹರಿಯುತ್ತದೆ. ಬಟ್ಟೆಯೇ ಜೀರ್ಣವಾಗಿದ್ದರೆ ದಾರವೇನು ಮಾಡೀತು? ತೇಪೆ ಹಾಕುವುದೇ ಅದಕ್ಕೆ ದಾರಿ. ವಿಯೆನ್ನಾದ ಖ್ಯಾತ ಶಸ್ತ್ರವೈದ್ಯ ಬಿಲ್‌ರಾತ್ ಇದನ್ನು ಬಹಳ ಹಿಂದೆಯೇ ಮನಗಂಡಿದ್ದ. ಸ್ನಾಯುರಜ್ಜುವಿನಷ್ಟು ಬಿಗುವೂ ಗಟ್ಟಿತನವೂ ಇರುವ ವಸ್ತುವನ್ನು ಕೃತಕವಾಗಿ ತಯಾರಿಸಬಲ್ಲೆವಾದರೆ ಹರ್ನಿಯಾದ ಸಮಸ್ಯೆ ಬಗೆಹರಿದಂತೆಯೇ ಎಂಬುದು ಅವನ ಅಭಿಪ್ರಾಯವಾಗಿತ್ತು. ಅಂತಹ ತೇಪೆಗಾಗಿ ಶಸ್ತ್ರವೈದ್ಯರು ಬೆಳ್ಳಿಯ ತಂತಿಯ ಜಾಲರಿಯನ್ನು ಬಳಸಿ ನೋಡಿದರು, ಟ್ಯಾಂಟಲಮ್ ಲೋಹದ ಜಾಲರಿಯನ್ನು ಬಳಸಿ ನೋಡಿದರು. ಹೊಟ್ಟೆ ಬಾಗುತ್ತದೆ, ತಿರುಚುತ್ತದೆ, ಉಸಿರಾಟದೊಡನೆ ದಿನವಿಡೀ ಏರಿಳಿಯುತ್ತದೆ. ಲೋಹದ ತಂತಿ ಬಾಗಿ ಬಾಗಿ ಮುರಿಯಿತು. ಮುರಿದ ತುದಿಗಳು ಒಳಗೆ ಚುಚ್ಚಿದವು.

ಪ್ಲಾಸ್ಟಿಕ್ಕು ಬಂದ ಮೇಲೆ ಚಿತ್ರ ಬದಲಾಯಿತು. ಅಮೆರಿಕದ ಹ್ಯೂಸ್ಟನ್ ನಗರದ ಫ್ರಾನ್ಸಿಸ್ ಅಷರ್ ಎಂಬ ಶಸ್ತ್ರವೈದ್ಯ 1958ರಲ್ಲಿ ಪಾಲಿಎಥಿಲೀನ್ ಎಳೆಗಳಿಂದ ನೇಯ್ದ ಬಲೆಯ ಪ್ರಯೋಗಗಳನ್ನು ಪ್ರಕಟಿಸಿದ. ಕೆಲವೇ ವರ್ಷಗಳಲ್ಲಿ ಆ ಸ್ಥಾನವನ್ನು ಹೆಣೆದ ಪಾಲಿಪ್ರೊಪಿಲೀನ್ ಬಲೆ ಆಕ್ರಮಿಸಿತು. 1984ರಿಂದೀಚೆಗೆ ಲಾಸ್ ಏಂಜಲೀಸಿನ ಲಿಕ್ಟೆನ್‌ಸ್ಟೈನ್ ಎಂಬಾತ ಸ್ನಾಯುಗಳನ್ನು ಎಳೆದು ಹೊಲಿಯುವುದನ್ನೇ ಬಿಟ್ಟು, ದುರ್ಬಲವಾದ ಜಾಗದ ಮೇಲೆ ಬಲೆಯನ್ನು ಸಡಿಲವಾಗಿ ಹಾಸಿ ಹೊಲಿಯುವ ವಿಧಾನವನ್ನು ರೂಢಿಗೆ ತಂದ. ಎಳೆತವಿಲ್ಲದ್ದರಿಂದ ನೋವು ಕಡಿಮೆಯಾಯಿತು, ರೋಗ ಮರುಕಳಿಸುವುದೂ ಬಹಳ ಮಟ್ಟಿಗೆ ತಗ್ಗಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬಲೆಯೇ ಗೋಡೆಯಾಗುವುದಿಲ್ಲ. ಹೊರಗಿನ ವಸ್ತುವೊಂದು ಒಳಗೆ ಬಂದೊಡನೆ ದೇಹ ಅದನ್ನು ಸುತ್ತುವರಿಯುತ್ತದೆ. ರಕ್ತದ ಬಿಳಿಯ ಕಣಗಳು ಧಾವಿಸುತ್ತವೆ. ಅವುಗಳ ಹಿಂದೆ ತಂತುಗಳನ್ನು ನೇಯುವ ಜೀವಕೋಶಗಳು ಬರುತ್ತವೆ. ಅವು ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳನ್ನು ಬಲೆಯ ಕಣ್ಣುಗಳ ಮೂಲಕ ಹಾಯಿಸಿ ಆಚೀಚೆ ಹೆಣೆಯುತ್ತವೆ. ಗಾಯ ಮಾಗಿದಾಗ ಉಳಿಯುವ ಗಟ್ಟಿಯಾದ ಕಲೆ ಇದೇ ನಾರಿನದು. ಬಲೆಯ ಕಣ್ಣುಗಳು ತೀರ ಚಿಕ್ಕವಾಗಿದ್ದರೆ ನಾರು ಎಳೆಗಳ ಸುತ್ತ ಮಾತ್ರ ದಪ್ಪನಾಗಿ ಕಟ್ಟಿಕೊಂಡು ಎಲ್ಲವೂ ಒಂದು ಹಲಗೆಯಂತೆ ಬಿರುಸಾಗುತ್ತದೆ. ಕಣ್ಣುಗಳು ಒಂದು ಮಿಲಿಮೀಟರಿಗಿಂತ ದೊಡ್ಡವಾಗಿದ್ದರೆ ನಾರು ಕಣ್ಣಿನೊಳಗೆ ಹರಡಿ ಗೋಡೆ ಬಾಗಬಲ್ಲದಾಗಿ ಉಳಿಯುತ್ತದೆ. ಎಷ್ಟು ಗಟ್ಟಿಯೋ ಅಷ್ಟು ಒಳ್ಳೆಯದೆಂದು ಮೊದಲು ಭಾವಿಸಿದ್ದು ತಪ್ಪೆಂದು ಹೀಗೆ ತಿಳಿದುಬಂತು.

ಪಾಲಿಪ್ರೊಪಿಲೀನ್ ಎಂದೂ ಕರಗುವುದಿಲ್ಲ. ರೋಗಿ ಬದುಕಿರುವಷ್ಟು ಕಾಲವೂ ಅದು ಅಲ್ಲಿಯೇ ಇರುತ್ತದೆ. ದೇಹವೂ ಅದರ ಮೇಲಿನ ಕಾವಲನ್ನು ಪೂರ್ತಿಯಾಗಿ ಬಿಡುವುದಿಲ್ಲ. ಕಾಲಕ್ರಮದಲ್ಲಿ ಬಲೆ ಕುಗ್ಗಬಹುದು. ಹತ್ತಿರದ ನರವೊಂದು ನಾರಿನಲ್ಲಿ ಸಿಕ್ಕಿಕೊಳ್ಳಬಹುದು. ತೊಡೆಯ ಸಂದಿನ ಹರ್ನಿಯಾದ ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಬಲೆಯಿಲ್ಲದೆ ಹೊಲಿದಾಗಲೂ ಇಂತಹ ನೋವು ಬರುವುದುಂಟಾದ್ದರಿಂದ ಎಲ್ಲ ಅಪವಾದವನ್ನೂ ಬಲೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಸೋಂಕಿನ ವಿಷಯದಲ್ಲಿ ಅಪರಾಧ ಅದರದೇ. ಬ್ಯಾಕ್ಟೀರಿಯಾಗಳು ಪ್ಲಾಸ್ಟಿಕ್ಕಿನ ಎಳೆಗೆ ಅಂಟಿಕೊಂಡು ತಮ್ಮ ಸುತ್ತ ಲೋಳೆಯ ಹೊದಿಕೆಯನ್ನು ಕಟ್ಟಿಕೊಂಡರೆ ಔಷಧಿ ಅವುಗಳನ್ನು ಸುಲಭವಾಗಿ ಮುಟ್ಟಲಾರದು. ಕಡೆಗೆ ಬಲೆಯನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ನಾರಿನೊಡನೆ ಒಂದಾಗಿ ಹೋದ ಬಲೆಯನ್ನು ತೆಗೆಯುವುದು ಹಾಕಿದಷ್ಟು ಸುಲಭವಲ್ಲ.

ಕಮಾನು ಕಟ್ಟುವ ಗಾರೆಯವರು ಮೊದಲು ಮರದ ಆಧಾರವನ್ನು ನಿಲ್ಲಿಸಿ ಅದರ ಮೇಲೆ ಕಲ್ಲನ್ನೋ ಇಟ್ಟಿಗೆಯನ್ನೋ ಜೋಡಿಸುತ್ತಾರೆ. ಗಾರೆ ಗಟ್ಟಿಯಾದ ಮೇಲೆ ಮರವನ್ನು ಬಿಚ್ಚಿ ತೆಗೆಯುತ್ತಾರೆ. ಕಮಾನು ತನ್ನ ಬಲದಿಂದಲೇ ನಿಲ್ಲುತ್ತದೆ. ಹೊಟ್ಟೆಯ ನಿಜವಾದ ಗೋಡೆ ದೇಹವೇ ನೇಯ್ದ ನಾರಿನದಾದರೆ, ಆ ನಾರು ಬಲಿತ ಮೇಲೆ ಬಲೆಯಾದರೂ ಏಕಿರಬೇಕು? ಒಳಗೆ ಹೋಗಿ ಬಿಚ್ಚುವುದು ಸಾಧ್ಯವಿಲ್ಲ. ಅದು ತಾನಾಗಿಯೇ ಕರಗಿಹೋಗಬೇಕು. ಕರಗುವ ಬಲೆಯ ಯೋಚನೆ ಹುಟ್ಟಿದ್ದು ಹೀಗೆ.

ದೇಹದಲ್ಲಿ ಕರಗುವ ದಾರ ಮಾತ್ರ ಇದಕ್ಕೂ ಬಹಳ ಹಳೆಯದು. ಅದಕ್ಕೆ ಕ್ಯಾಟ್‌ಗಟ್ ಎಂದು ಹೆಸರು. ಹೆಸರಿನಲ್ಲಿ ಬೆಕ್ಕಿದ್ದರೂ ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಕುರಿಯ ಅಥವಾ ದನದ ಕರುಳಿನ ಪೊರೆಯನ್ನು ಹುರಿಮಾಡಿದ ದಾರವದು. ಪಿಟೀಲಿನ ತಂತಿಗೂ ಅದನ್ನೇ ಬಳಸುತ್ತಿದ್ದರು. ಬ್ರಿಟನ್ನಿನ ಜೋಸೆಫ್ ಲಿಸ್ಟರ್ ಅದನ್ನು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿ ಕರುವೊಂದರ ಕೊರಳಿನ ರಕ್ತನಾಳಕ್ಕೆ ಕಟ್ಟಿದ. ಒಂದು ತಿಂಗಳ ಅನಂತರ ನೋಡಿದಾಗ ದಾರವಿದ್ದ ಜಾಗದಲ್ಲಿ ದಾರದ ಬದಲು ಜೀವಂತ ಊತಕದ ಪಟ್ಟಿಯಿತ್ತು. 1869ರಲ್ಲಿ ಅವನು ಈ ಸಂಗತಿಯನ್ನು ಪ್ರಕಟಿಸಿದ. ಕ್ಯಾಟ್‌ಗಟ್ಟಿನ ದೋಷವೆಂದರೆ ಅದರ ಕಾಲವನ್ನು ನಂಬುವಂತಿಲ್ಲ. ಅದು ಪ್ರೋಟೀನಾದ್ದರಿಂದ ದೇಹದ ಕಿಣ್ವಗಳು ಅದನ್ನು ಜೀರ್ಣಿಸುತ್ತವೆ. ಗಾಯದಲ್ಲಿ ಸೋಂಕಿದ್ದರೆ ಕಿಣ್ವಗಳು ಹೆಚ್ಚಿ, ದಾರ ಅತ್ಯಗತ್ಯವಾದ ಹೊತ್ತಿನಲ್ಲಿಯೇ ಮಾಯವಾಗುತ್ತದೆ.

1970ರ ಸುಮಾರಿಗೆ ರಸಾಯನಶಾಸ್ತ್ರಜ್ಞರು ಬೇರೊಂದು ದಾರಿಯನ್ನು ತೋರಿಸಿದರು. ಗ್ಲೈಕಾಲಿಕ್ ಆಮ್ಲವೆಂಬುದು ಕಬ್ಬಿನ ಹಾಲಿನಲ್ಲಿ ಅಲ್ಪ ಪ್ರಮಾಣದಲ್ಲಿ ಇರುವ ವಸ್ತು. ಲ್ಯಾಕ್ಟಿಕ್ ಆಮ್ಲ ಮೊಸರಿಗೆ ಹುಳಿಯನ್ನು ಕೊಡುವಂಥದು. ಜೋರಾಗಿ ಓಡಿದವನ ಸ್ನಾಯುಗಳಲ್ಲಿಯೂ ಅದು ಹುಟ್ಟುತ್ತದೆ. ಇವುಗಳ ಸಾವಿರಾರು ಅಣುಗಳನ್ನು ಮಣಿಗಳಂತೆ ಸಾಲಾಗಿ ಪೋಣಿಸಿದರೆ ಗಟ್ಟಿಯಾದ ಎಳೆ ದೊರೆಯುತ್ತದೆ. ಮಣಿಗೂ ಮಣಿಗೂ ನಡುವಿನ ಕೊಂಡಿ ಎಸ್ಟರ್ ಬಂಧ. ಆ ಬಂಧವನ್ನು ಕಡಿಯಲು ಕಿಣ್ವ ಬೇಕಿಲ್ಲ, ನೀರು ಸಾಕು. ದೇಹದ ತೇವದಲ್ಲಿ ಕೊಂಡಿಗಳು ಒಂದೊಂದಾಗಿ ಕಡಿಯುತ್ತ ಎಳೆ ಕಡೆಗೆ ಮೊದಲಿನ ಆಮ್ಲಗಳೇ ಆಗುತ್ತದೆ. ಲ್ಯಾಕ್ಟಿಕ್ ಆಮ್ಲವನ್ನು ದೇಹ ಎಂದಿನಂತೆ ಬಳಸಿಕೊಂಡು ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಹಾಕುತ್ತದೆ. ತೇವ ಎಲ್ಲರ ದೇಹದಲ್ಲಿಯೂ ಬಹುಮಟ್ಟಿಗೆ ಸಮಾನವಾಗಿರುವುದರಿಂದ ಕರಗುವ ಕಾಲವನ್ನು ಮುಂಚಿತವಾಗಿಯೇ ಹೇಳಬಹುದು. 1974ರಲ್ಲಿ ಬಂದ ವಿಕ್ರಿಲ್ ಎಂಬ ದಾರದಲ್ಲಿ ಗ್ಲೈಕಾಲಿಕ್ ಅಂಶ ನೂರಕ್ಕೆ 90, ಲ್ಯಾಕ್ಟಿಕ್ ಅಂಶ 10. ಅದು ಸುಮಾರು ಎರಡು ತಿಂಗಳುಗಳಲ್ಲಿ ಕರಗಿಹೋಗುತ್ತದೆ.

ಈ ದಾರದಿಂದ ಬಲೆಯನ್ನು ಹೆಣೆಯುವುದು ಕಷ್ಟವಾಗಲಿಲ್ಲ. ಆದರೆ ಹರ್ನಿಯಾಕ್ಕೆ ಹಾಕಿ ನೋಡಿದಾಗ ಫಲ ನಿರಾಶೆಯನ್ನು ತಂದಿತು. ಗಂಟು ಮತ್ತೆ ಕಾಣಿಸಿಕೊಂಡಿತು. ಕಾರಣವೇನೆಂದರೆ ಮಾಗುತ್ತಿರುವ ಗಾಯ ಅವಸರ ಮಾಡುವುದಿಲ್ಲ. ಮೊದಲ ವಾರಗಳಲ್ಲಿ ಅಲ್ಲಿ ಹುಟ್ಟುವ ಕೊಲಾಜೆನ್ ಎಳಸು. ಅದು ಬದಲಾಗಿ, ಮತ್ತೆ ಹೆಣೆದುಕೊಂಡು, ಮೂಲದ ಬಲದಲ್ಲಿ ಸುಮಾರು ನೂರಕ್ಕೆ 80ರಷ್ಟನ್ನು ಗಳಿಸಲು ಮೂರು ತಿಂಗಳಾದರೂ ಹಿಡಿಯುತ್ತದೆ. ಪೂರ್ತಿ ಬಲ ಎಂದಿಗೂ ಮರಳುವುದಿಲ್ಲ. ವಿಕ್ರಿಲ್ ಎಳೆ ಮೂರು ನಾಲ್ಕು ವಾರಗಳಲ್ಲಿಯೇ ತನ್ನ ಕಸುವನ್ನು ಕಳೆದುಕೊಳ್ಳುತ್ತದೆ. ಗಾರೆ ಹಸಿಯಾಗಿರುವಾಗಲೇ ಮರವನ್ನು ಕಿತ್ತಂತಾಯಿತು.

ಆದ್ದರಿಂದ ನಿಧಾನವಾಗಿ ಕರಗುವ ವಸ್ತುವಿಗಾಗಿ ಹುಡುಕಾಟ ನಡೆಯಿತು. ಅದರ ಒಂದು ಎಳೆ ಅನಿರೀಕ್ಷಿತವಾದ ಕಡೆಯಿಂದ ಬಂದಿತು. ಆಲೂಗಡ್ಡೆ ಪಿಷ್ಟವನ್ನು ಕೂಡಿಡುವಂತೆ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಆಹಾರವನ್ನು ಪ್ಲಾಸ್ಟಿಕ್ಕಿನಂತಹ ಕಣಗಳಾಗಿ ಒಳಗೆ ಕೂಡಿಟ್ಟುಕೊಳ್ಳುತ್ತವೆ. ಪ್ಯಾರಿಸಿನ ಮಾರಿಸ್ ಲೆಮ್ವಾನ್ಯ ಎಂಬ ವಿಜ್ಞಾನಿ 1926ರ ವೇಳೆಗೆ ಇದನ್ನು ಕಂಡುಹಿಡಿದಿದ್ದ. ಆತ ಕಂಡ ವಸ್ತು ಪೆಡಸು, ಬೇಗ ಮುರಿಯುವಂಥದು. ಅದೇ ಕುಲಕ್ಕೆ ಸೇರಿದ ಪಾಲಿ-4-ಹೈಡ್ರಾಕ್ಸಿಬ್ಯುಟಿರೇಟ್ ಎಂಬುದು ಬಾಗುವ, ಹಿಗ್ಗುವ ಗುಣವುಳ್ಳದ್ದು. ವಿಜ್ಞಾನಿಗಳು ಎಷರಿಚಿಯಾ ಕೋಲಿ ಬ್ಯಾಕ್ಟೀರಿಯಾದ ಆನುವಂಶಿಕ ಅಂಶಗಳನ್ನು ಮಾರ್ಪಡಿಸಿ, ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಅದರಿಂದ ಈ ವಸ್ತುವನ್ನು ಪಡೆದು ದಾರವಾಗಿ ಎಳೆದರು. 2007ರಲ್ಲಿ ಅಮೆರಿಕದಲ್ಲಿ ಅದರ ಹೊಲಿಗೆಯ ದಾರಕ್ಕೆ ಒಪ್ಪಿಗೆ ದೊರೆಯಿತು; ಅನಂತರ ಅದರ ಬಲೆಯೂ ಬಳಕೆಗೆ ಬಂದಿತು. ಆ ಬಲೆ ಪೂರ್ತಿ ಕರಗಲು ಒಂದರಿಂದ ಒಂದೂವರೆ ವರ್ಷ ಬೇಕು.

ಸ್ವೀಡನ್ನಿನಲ್ಲಿ ತಯಾರಾದ ಇನ್ನೊಂದು ಬಲೆಯ ಉಪಾಯ ಇದಕ್ಕಿಂತ ಸ್ವಾರಸ್ಯವಾದುದು. ಅದರಲ್ಲಿ ಎರಡು ಬಗೆಯ ಎಳೆಗಳನ್ನು ಒಟ್ಟಿಗೆ ಹೆಣೆಯಲಾಗಿದೆ. ಒಂದು ಸುಮಾರು ನಾಲ್ಕು ತಿಂಗಳಲ್ಲಿ ಕರಗುತ್ತದೆ. ಇನ್ನೊಂದು ಸುಮಾರು ಮೂರು ವರ್ಷ ಉಳಿಯುತ್ತದೆ. ಮೊದಲನೆಯ ಎಳೆ ಹೋದ ಮೇಲೆ ಬಲೆ ಸಡಿಲವಾಗಿ ಹಿಗ್ಗತೊಡಗುತ್ತದೆ. ಭಾರ ಸ್ವಲ್ಪಸ್ವಲ್ಪವಾಗಿ ಹೊಸ ನಾರಿನ ಮೇಲೆ ಬೀಳುತ್ತದೆ. ವ್ಯಾಯಾಮವಿಲ್ಲದ ತೋಳು ಬಲಿಯದಂತೆ, ಭಾರ ಹೊರದ ನಾರೂ ಬಲಿಯುವುದಿಲ್ಲ. ಈ ಬಲೆಯನ್ನು ತೊಡೆಯ ಸಂದಿನ ಹರ್ನಿಯಾ ಇದ್ದ ಗಂಡಸರಲ್ಲಿ ಹಾಕಿ ಮೂರು ವರ್ಷಗಳ ಕಾಲ ಗಮನಿಸಿದ ಒಂದು ಸಣ್ಣ ಪ್ರಯೋಗ ನಡೆಯಿತು. ಹುಟ್ಟಿನಿಂದಲೇ ಇರುವ ಓರೆ ಕಾಲುವೆಯ ಮೂಲಕ ಕರುಳು ಇಳಿದಿದ್ದವರಲ್ಲಿ ರೋಗ ಮರುಕಳಿಸಲಿಲ್ಲ. ಗೋಡೆಯೇ ಸವೆದು ನೇರವಾಗಿ ಉಬ್ಬಿದ್ದವರಲ್ಲಿ ಅನೇಕರಿಗೆ ಮರುಕಳಿಸಿತು. ಒಳ್ಳೆಯ ನಾರನ್ನು ನೇಯಲಾರದ ದೇಹಕ್ಕೆ ತಾತ್ಕಾಲಿಕ ಆಧಾರ ಸಾಲದೆಂಬುದು ಇದಕ್ಕೆ ಕಾರಣವೆಂದು ತೋರುತ್ತದೆ.

ಹಂದಿಯ ಚರ್ಮವನ್ನೋ ಕರುಳನ್ನೋ ತೊಳೆದು, ಅದರ ಜೀವಕೋಶಗಳನ್ನೆಲ್ಲ ತೆಗೆದು, ಉಳಿದ ಕೊಲಾಜೆನ್ ಹಾಳೆಯನ್ನೇ ತೇಪೆಯಾಗಿ ಬಳಸುವ ಪದ್ಧತಿಯೂ ಬೆಳೆಯಿತು. ಸೋಂಕಿನ ಭಯವಿರುವ ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕಿಗಿಂತ ಇದೇ ಕ್ಷೇಮವೆಂದು ವೈದ್ಯರು ಬಹುಕಾಲ ನಂಬಿದ್ದರು. ಅದರ ಬೆಲೆಯೋ ವಿಪರೀತ. ಕೊನೆಗೆ ಅಮೆರಿಕದಲ್ಲಿ 253 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ಪಾಲಿಪ್ರೊಪಿಲೀನ್ ಬಲೆಯವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ, ಪ್ರಾಣಿಜನ್ಯ ತೇಪೆಯವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಹರ್ನಿಯಾ ಮತ್ತೆ ಬಂದಿತ್ತು. ಕರಗುವುದೆಲ್ಲ ಉತ್ತಮವೆಂಬ ಭಾವನೆಗೆ ಇದು ದೊಡ್ಡ ಪೆಟ್ಟು. ಇಂದಿಗೂ ವಯಸ್ಕರ ಸಾಮಾನ್ಯ ಹರ್ನಿಯಾಕ್ಕೆ ಹೆಚ್ಚಿನ ಶಸ್ತ್ರವೈದ್ಯರು ಹಾಕುವುದು ಕರಗದ ಬಲೆಯನ್ನೇ. ಮಕ್ಕಳಿಗಂತೂ ಸಾಮಾನ್ಯವಾಗಿ ಯಾವ ಬಲೆಯೂ ಬೇಕಿಲ್ಲ. ಮುಚ್ಚದೆ ಉಳಿದ ಚೀಲದ ಬಾಯನ್ನು ಕಟ್ಟಿದರೆ ಸಾಕಾಗುತ್ತದೆ.

ಕರ್ನಾಟಕದ ರೈತರು ಬೆಳೆಯುವ ರೇಷ್ಮೆಗೂ ಈ ಕಥೆಯಲ್ಲಿ ಸ್ಥಾನವಿದೆ. ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳುವಿನ ಗೂಡಿನ ಎಳೆಯಲ್ಲಿ ಒಳಗೆ ಫೈಬ್ರಾಯಿನ್ ಎಂಬ ಪ್ರೋಟೀನೂ ಹೊರಗೆ ಸೆರಿಸಿನ್ ಎಂಬ ಅಂಟೂ ಇರುತ್ತವೆ. ಅಂಟನ್ನು ತೊಳೆದು ತೆಗೆದ ರೇಷ್ಮೆಯನ್ನು ದೇಹ ಸಹಿಸಿಕೊಳ್ಳುತ್ತದೆ. ರೇಷ್ಮೆಯ ಹೊಲಿಗೆ ಕರಗದ ದಾರಗಳ ಪಟ್ಟಿಯಲ್ಲಿ ಸೇರಿದ್ದರೂ ಒಳಗೆ ಉಳಿದಂತೆ ವರ್ಷ ಎರಡು ವರ್ಷಗಳಲ್ಲಿ ಅದರ ಬಲ ಕುಂದುತ್ತದೆ. ಈ ನಿಧಾನವೇ ಗುಣವೆಂದು ಕಂಡ ವಿಜ್ಞಾನಿಗಳು ಅದರಿಂದ ಬಲೆಗಳನ್ನು ಹೆಣೆದು ಪ್ರಯೋಗಿಸಿದ್ದಾರೆ.

ಇಷ್ಟೆಲ್ಲ ವಿವೇಚನೆಯ ನಡುವೆ ಮೂಟೆ ಹೊರುವವನ ಪ್ರಶ್ನೆ ಬೇರೆಯೇ ಆಗಿರುತ್ತದೆ. ಅವನು ಎಷ್ಟು ದಿನ ಕೂಲಿ ಕಳೆದುಕೊಳ್ಳಬೇಕು? ಬಲೆಯ ಬೆಲೆಯೆಷ್ಟು? ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೋಂಡಾಯಿಚಾ ಎಂಬ ಊರಿನಲ್ಲಿ ಶಸ್ತ್ರವೈದ್ಯರಾಗಿದ್ದ ಡಾ. ರವೀಂದ್ರನಾಥ ಟೋಂಗಾಂವ್‌ಕರ್ ಅವರು ಈ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರ ಹುಡುಕಿದರು. ಸೊಳ್ಳೆಪರದೆಯ ಬಟ್ಟೆಯೂ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಜಾತಿಯ ಎಳೆಗಳದೇ. ಅದನ್ನು ತೊಳೆದು, ತುಂಡರಿಸಿ, ಕ್ರಿಮಿರಹಿತವಾಗಿ ಮಾಡಿ ಬಡ ರೋಗಿಗಳಿಗೆ ಹಾಕಿದರು. ಫಲಿತಾಂಶಗಳನ್ನು 2003ರಲ್ಲಿ ಪ್ರಕಟಿಸಿದರು. ಮೊದಲು ಕೇಳಿದವರು ಹುಬ್ಬೇರಿಸಿದ್ದರೆ ಆಶ್ಚರ್ಯವಿಲ್ಲ. ಅನಂತರ ಸ್ವೀಡನ್ ಮತ್ತು ಉಗಾಂಡಾದ ವೈದ್ಯರು ಪೂರ್ವ ಉಗಾಂಡಾದಲ್ಲಿ 302 ಗಂಡಸರ ಮೇಲೆ ಕಟ್ಟುನಿಟ್ಟಾದ ಪರೀಕ್ಷೆ ನಡೆಸಿದರು. ಅರ್ಧ ಮಂದಿಗೆ ಕಂಪೆನಿಯ ಬಲೆ, ಅರ್ಧ ಮಂದಿಗೆ ಸೊಳ್ಳೆಪರದೆಯ ಬಲೆ. ಒಂದು ವರ್ಷದ ಅನಂತರ ಮೊದಲ ಗುಂಪಿನಲ್ಲಿ ಯಾರಿಗೂ, ಎರಡನೆಯ ಗುಂಪಿನಲ್ಲಿ ಒಬ್ಬನಿಗೆ ಮಾತ್ರ ಹರ್ನಿಯಾ ಮರುಕಳಿಸಿತ್ತು. 2016ರಲ್ಲಿ ಇದು ಪ್ರಕಟವಾಯಿತು. ಕಂಪೆನಿಯ ಬಲೆಯ ಬೆಲೆ ನೂರು ಡಾಲರುಗಳನ್ನೂ ಮೀರಬಹುದಾದ ಕಡೆಗಳಲ್ಲಿ ಸೊಳ್ಳೆಪರದೆಯ ತುಂಡಿಗೆ ಬೀಳುವ ಖರ್ಚು ಲೆಕ್ಕಕ್ಕೇ ಬಾರದಷ್ಟು. ಕರಗುವ ಬಲೆಗೆ ಇಂತಹ ಅಗ್ಗದ ದಾರಿ ಇನ್ನೂ ತೆರೆದಿಲ್ಲ. ಬ್ಯಾಕ್ಟೀರಿಯಾವನ್ನು ಬೆಳೆಸಿ ಪಡೆಯುವ ಆ ಎಳೆಯ ಬಲೆ ಸಾಮಾನ್ಯ ಪಾಲಿಪ್ರೊಪಿಲೀನ್ ಬಲೆಗಿಂತ ಅನೇಕ ಪಟ್ಟು ದುಬಾರಿಯಾಗಿಯೇ ಉಳಿದಿದೆ.